ಮನೆಯಲ್ಲಿ ಬಿಪಿ ಇರೋರ ಆರೈಕೆ ಹೇಗೆ? ಮನೆಯವರು ತಿಳಿದಿರಬೇಕಾದ ವಿಷಯಗಳು

ಹಾಸನ: 2025ರ ಮೇ–ಜೂನ್‌ನಲ್ಲಿ ಜಿಲ್ಲೆಯಲ್ಲಿ ಹಠಾತ್ ಸಾವುಗಳು ವರದಿಯಾದಾಗ ಜನ ಗಾಬರಿಯಿಂದ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತಿದ್ದರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಹೃದಯಾಘಾತದಲ್ಲಿ ಅಸಹಜ ಏರಿಕೆ ಕಂಡಿಲ್ಲ ಎಂದಿತು. ಕಂಡದ್ದು ಹಳೇ ಕಾರಣಗಳೇ: ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ. ಇದರಲ್ಲಿ ಬಿಪಿಯನ್ನು ಮನೆಯಲ್ಲೇ ನಿಗಾ ಇಟ್ಟು ಹತೋಟಿಗೆ ತರಬಹುದು.

ಮಾತ್ರೆ ಬಿಡಬೇಡಿ

ಬಿಪಿ ಹೆಚ್ಚಿದ್ದರೂ ಬಹಳ ಜನಕ್ಕೆ ಏನೂ ಗೊತ್ತಾಗಲ್ಲ. ಆರಾಮಾಗಿದೀನಿ ಅಂತ ಮಾತ್ರೆ ನಿಲ್ಲಿಸುವುದೇ ದೊಡ್ಡ ತಪ್ಪು. ಆರಾಮಾಗಿರುವುದು ಮಾತ್ರೆಯಿಂದಲೇ ಇರಬಹುದು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು. ಕಾಲು ಊದಿದರೆ, ಎದ್ದು ನಿಂತಾಗ ತಲೆ ಸುತ್ತಿದರೆ ವೈದ್ಯರಿಗೆ ಹೇಳಿ ಮಾತ್ರೆ ಬದಲಿಸಿಕೊಳ್ಳಿ. ಮೈಕೈ ನೋವಿಗೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಬಿಪಿ ಏರಿಸಬಹುದು.

ಬಿಪಿ ನೋಡೋದು ಹೀಗೆ

* ಅರ್ಧ ಗಂಟೆ ಮೊದಲು ಕಾಫಿ, ಟೀ, ಬೀಡಿ, ಸಿಗರೇಟು ಬೇಡ.
* ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ 5 ನಿಮಿಷ ಸುಮ್ಮನೆ ಕೂರಿಸಿ.
* ಪಟ್ಟಿಯನ್ನು ಬರಿ ತೋಳಿಗೆ ಸುತ್ತಿ, ತೋಳು ಎದೆಯ ಮಟ್ಟಕ್ಕಿರಲಿ. ಆಗ ಮಾತಾಡಬಾರದು.
* ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ, ತಾರೀಖು ಸಮೇತ ಬರೆದಿಡಿ.

ಆಸ್ಪತ್ರೆಯಲ್ಲಿ ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಹೆಚ್ಚಿದ್ದರೆ ಅಧಿಕ ರಕ್ತದೊತ್ತಡ. ಮನೆಯಲ್ಲಿ ಸರಾಸರಿ 135/85 ದಾಟಿದರೆ ವೈದ್ಯರಿಗೆ ತೋರಿಸಬೇಕು.

ಊಟ, ಅಭ್ಯಾಸ

ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚಕ್ಕೂ ಕಮ್ಮಿ. ಮುದ್ದೆ, ಸೊಪ್ಪು, ಕಾಳು ಒಳ್ಳೆಯದೇ. ಆದರೆ ಉಪ್ಸಾರಿನ ಉಪ್ಪು, ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ‘ಲೋ ಸೋಡಿಯಂ’ ಉಪ್ಪು ಬಳಸಬಾರದು. ಬೀಡಿ, ಕಡ್ಡಿಪುಡಿ, ಮದ್ಯ ಬಿಡಿಸಬೇಕು. ಇಡೀ ದಿನ ಅಂಗಡಿ ಗಲ್ಲಾದಲ್ಲೇ ಕೂರುವವರು ದಿನಕ್ಕೆ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯಲಿ.

ತಡ ಮಾಡಬಾರದ ಹೊತ್ತು

180/120 ದಾಟಿದ್ದರೆ 5 ನಿಮಿಷ ಬಿಟ್ಟು ಮತ್ತೆ ನೋಡಿ. ಹಾಗೇ ಇದ್ದರೆ ಅವತ್ತೇ ವೈದ್ಯರ ಬಳಿ ಹೋಗಿ. ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು, ಕೈಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು ಕಂಡರೆ ಬಿಪಿ ಎಷ್ಟೇ ಇರಲಿ, ತಕ್ಷಣ 108ಕ್ಕೆ ಕರೆ ಮಾಡಿ. ಸ್ಟ್ರೋಕ್‌ನಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಹಾಗಾಗಿ ಶುರುವಾದ ಸಮಯ ನೆನಪಿಡಿ. ಮಾತು ತೊದಲುವವರಿಗೆ ನೀರು, ಊಟ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳಬಹುದು. ಬಿಪಿ ಇಳಿಸಲು ನೀವಾಗಿಯೇ ಹೆಚ್ಚು ಮಾತ್ರೆ ಕೊಡಬೇಡಿ.

ತಪಾಸಣೆ ಎಲ್ಲಿ?

30 ವರ್ಷ ದಾಟಿದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಉಚಿತವಾಗಿ ಪರೀಕ್ಷಿಸಿಕೊಳ್ಳಬಹುದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರಿಗೆ ತಾಲ್ಲೂಕು ಆಸ್ಪತ್ರೆ, ಹಾಸನದಲ್ಲಿ ಹಿಮ್ಸ್ ಇದೆ. ಹೋಗುವಾಗ ಬಿಪಿ ಬರೆದಿಟ್ಟ ಪುಸ್ತಕ, ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಜತೆಗಿರಲಿ.