ಬೀಗ ಮುರಿಯಬಹುದು, ಗುರುತು ಅಳಿಸೋದು ಕಷ್ಟ

ನಮ್ಮ ಕೋಡ್ಲಾ ಇರೋದು ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ. ಬೈಕ್ ಮೇಲೆ ಊರೂರು ಸುತ್ತೋ ಹುಚ್ಚು ಇರುವವರಿಗೆ ಇದು ಒಳ್ಳೆ ಜಾಗ. ಒಂದು ಕಡೆ ಕಾಗಿಣಾ ದಂಡೆಯ ಮಳಖೇಡ, ಅಂದರೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಚಿತ್ತಾಪುರದ ಕಡೆ ಹೋದರೆ ನಾಗಾವಿ, ಇನ್ನೂ ಮುಂದೆ ಭೀಮಾ ದಂಡೆಯಲ್ಲಿ ಅಶೋಕನ ಶಾಸನ ಸಿಕ್ಕ ಸನ್ನತಿ. ಇನ್ನೊಂದು ದಿಕ್ಕಿಗೆ ಚಿಂಚೋಳಿ ಕಾಡು, ಚಂದ್ರಂಪಳ್ಳಿ ಜಲಾಶಯ. ಎಲ್ಲಾ ಕಡೆ ತೊಂದರೆ ಮಾತ್ರ ಒಂದೇ. ಗಾಡಿಯನ್ನು ಹೊರಗೆ ಬಿಟ್ಟು ನಾವು ಒಳಗೆ ಹೋಗಬೇಕು. ಕೋಟೆ ನೋಡುವಾಗ ಕಣ್ಣು ಕೋಟೆ ಮೇಲೆ, ಮನಸ್ಸು ಬೈಕ್ ಮೇಲೆ!

ಇದು ಬರೀ ಟೂರಿಂಗ್ ಮಾಡೋರ ಚಿಂತೆ ಅಲ್ಲ. ಸೇಡಂ, ಮಳಖೇಡ, ವಾಡಿ, ಈಗ ಕೋಡ್ಲಾ, ಎಲ್ಲಾ ಕಡೆ ಸಿಮೆಂಟ್ ಕಾರ್ಖಾನೆಗಳು. ರಾತ್ರಿ ಪಾಳಿಗೆ ಹೋಗುವ ಹುಡುಗನಿಗೆ ಬೈಕ್ ಇಲ್ಲ ಅಂದರೆ ಕೆಲಸವೇ ಇಲ್ಲ. ಗಾಡಿ ಕಳುವಾದರೂ ಇಎಂಐ ಕಳುವಾಗಲ್ಲ, ಅದು ಪ್ರತಿ ತಿಂಗಳು ತಪ್ಪದೆ ಬರುತ್ತೆ.

ಹಾಗಾದರೆ ಜನ ತಮ್ಮ ಸವಾರಿಯನ್ನು ಕಳ್ಳರಿಂದ ಹೇಗೆ ಕಾಪಾಡಿಕೊಂಡು ಬಂದರು? ಇದನ್ನು ಓದ್ತಾ ಹೋದಾಗ ನನಗೆ ಅನಿಸಿದ್ದು ಇಷ್ಟು: ಇದರಲ್ಲಿ ಎರಡು ದಾರಿಗಳಿವೆ. ಒಂದು ಬೀಗದ ದಾರಿ, ಇನ್ನೊಂದು ಗುರುತಿನ ದಾರಿ. ನಾವು ದುಡ್ಡು ಸುರಿಯೋದು ಮೊದಲನೆಯದಕ್ಕೆ. ಕಳ್ಳನಿಗೆ ನಿಜವಾಗಿ ತಲೆನೋವು ತರೋದು ಎರಡನೆಯದು.

ಕುದುರೆಗೆ ಹಾಕಿದ ಬರೆ

ಗುರುತಿನ ದಾರಿ ಬೈಕಿಗಿಂತ ಎಷ್ಟೋ ಹಳೆಯದು. ದೆಹಲಿಯಲ್ಲಿ 1296ರಿಂದ 1316ರವರೆಗೆ ಆಳಿದ ಅಲ್ಲಾವುದ್ದೀನ್ ಖಿಲ್ಜಿ ತನ್ನ ಸೈನ್ಯದ ಕುದುರೆಗಳಿಗೆ ಕಾಯಿಸಿದ ಕಬ್ಬಿಣದಿಂದ ಮುದ್ರೆ ಹಾಕಿಸಿದ. ಇದಕ್ಕೆ 'ದಾಗ್' ಅಂತ ಹೆಸರು. ಜೊತೆಗೆ ಸವಾರನ ಚಹರೆ, ಮೈಮೇಲಿನ ಗುರುತು ಬರೆದಿಡುವ ಪಟ್ಟಿಯೂ ಇತ್ತು. ಕಾರಣ ಏನಂದರೆ, ಒಳ್ಳೆ ಕುದುರೆ ತೋರಿಸಿ ಸಂಬಳ ತಗೊಂಡು, ಆಮೇಲೆ ಅದನ್ನು ಮಾರಿ ಬಡಕಲು ಕುದುರೆ ಕಟ್ಟುವ ಮೋಸ ನಡೆಯುತ್ತಿತ್ತು. 1570ರ ದಶಕದಲ್ಲಿ ಅಕ್ಬರ್ ಇದೇ ಪದ್ಧತಿಯನ್ನು ಮತ್ತೆ ಜಾರಿಗೆ ತಂದ.

ಈಗಿನ ಭಾಷೆಯಲ್ಲಿ ಹೇಳೋದಾದರೆ ದಾಗ್ ಅಂದರೆ ಚಾಸಿ ನಂಬರ್, ಪಟ್ಟಿ ಅಂದರೆ ಆರ್‌ಸಿ ಬುಕ್. ಕುದುರೆಯನ್ನು ಕಟ್ಟಿಹಾಕುವ ಹಗ್ಗ ಬೇರೆ, ಅದು ಯಾರದು ಅಂತ ಹೇಳುವ ಮುದ್ರೆ ಬೇರೆ. ಹಗ್ಗ ಕತ್ತರಿಸಬಹುದು. ಬರೆ ಹೊತ್ತ ಕುದುರೆಯನ್ನು ಸಂತೆಯಲ್ಲಿ ಮಾರೋದು ಮಾತ್ರ ಸುಲಭ ಅಲ್ಲ.

ಕೀಲಿಯೇ ಇಲ್ಲದ ಫಟಫಟಿ

ನಮ್ಮ ಕಡೆ ಬೀಗಕ್ಕೆ ಕೀಲಿ ಅಂತೀವಿ, ಅದನ್ನು ತೆಗೆಯೋದಕ್ಕೆ ಚಾವಿ. ಮೊದಲ ಕಾಲದ ಮೋಟಾರ್ ಸೈಕಲ್‌ಗಳಿಗೆ ಈ ಎರಡೂ ಇರಲಿಲ್ಲ. ಮ್ಯಾಗ್ನೆಟೋ ಇದ್ದ ಎಂಜಿನ್‌ಗೆ ಬ್ಯಾಟರಿ ಬೇಕಿಲ್ಲ. ಪೆಟ್ರೋಲ್ ಬಿಟ್ಟು ಕಿಕ್ ಹೊಡೆದರೆ ಸಾಕು, ಅದು ತಾನೇ ಕಿಡಿ ಹುಟ್ಟಿಸಿಕೊಳ್ಳುತ್ತೆ. ಓಡಿಸೋಕೆ ಬರುವವನು ಯಾರಾದರೂ ಸರಿ, ಹತ್ತಿ ಹೋಗಬಹುದಿತ್ತು. ಊರಿಗೆ ಒಂದೋ ಎರಡೋ ಫಟಫಟಿ ಇದ್ದ ಕಾಲದಲ್ಲಿ ಅದು ದೊಡ್ಡ ಅಪಾಯವೂ ಅಲ್ಲ. ಯಾರ ಗಾಡಿ ಅಂತ ಇಡೀ ಊರಿಗೆ ಗೊತ್ತಿರುತ್ತಿತ್ತು. ಊರಿನ ನೆನಪೇ ದಾಗ್!

ಮುಂದೆ ಗಾಡಿಗಳು ಹೆಚ್ಚಾದವು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಕಂಪನಿ ಶುರುವಾಯಿತು. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ, 1973ರ ನಂತರ ಯೆಜ್ಡಿ ಬಂದವು. ಹಳೆ ಜಾವಾ ಇಟ್ಟುಕೊಂಡಿರುವ ಹಿರಿಯರನ್ನು ಕೇಳಿ ನೋಡಿ, ಅದರ ಇಗ್ನಿಷನ್ ಚಾವಿ ಹೇಗಿತ್ತು ಅಂತ. ಹಲ್ಲಿಲ್ಲದ, ಮೊಳೆಯಂಥ ಒಂದು ಕಡ್ಡಿ. ಅದನ್ನು ಹೆಡ್‌ಲೈಟ್ ಮೇಲಿನ ತೂತಿಗೆ ತುರುಕಿದರೆ ಕರೆಂಟ್ ಹರಿಯುತ್ತೆ. ಒಬ್ಬರ ಜಾವಾದ ಚಾವಿ ಇನ್ನೊಬ್ಬರ ಜಾವಾಕ್ಕೂ ನಡೆಯುತ್ತಿತ್ತು. ನಿಜ ಹೇಳಬೇಕಂದರೆ ಅದು ಬೀಗ ಅಲ್ಲ, ಬರೀ ಸ್ವಿಚ್. ಕಳ್ಳನನ್ನು ತಡೆಯೋದು ಹ್ಯಾಂಡಲ್ ಲಾಕ್‌ನ ಕೆಲಸ. ಆ ಕಾಲದ ಅನೇಕ ಗಾಡಿಗಳಲ್ಲಿ ಅದಕ್ಕೆ ಬೇರೆಯೇ ಚಾವಿ.

ಚಾವಿಯ ಲೆಕ್ಕಾಚಾರ

ಆಮೇಲೆ ಒಂದೇ ಚಾವಿಯಲ್ಲಿ ಇಗ್ನಿಷನ್, ಹ್ಯಾಂಡಲ್ ಲಾಕ್, ಟ್ಯಾಂಕ್ ಮುಚ್ಚಳ ಎಲ್ಲಾ ಬಂತು. ಅನುಕೂಲ ಏನೋ ಆಯಿತು, ಆದರೆ ಒಳಗಿರೋದು ಹೆಚ್ಚಾಗಿ ಸಾದಾ ವೇಫರ್ ಬೀಗ. ತೆಳ್ಳಗಿನ ಹಿತ್ತಾಳೆ ತಗಡುಗಳ ಒಂದು ಸಾಲು. ಚಾವಿಯ ಒಂದೊಂದು ಹಲ್ಲು ಒಂದೊಂದು ತಗಡನ್ನು ಸರಿಯಾದ ಎತ್ತರಕ್ಕೆ ತಂದಾಗ ಸಿಲಿಂಡರ್ ತಿರುಗುತ್ತೆ.

ಉದಾಹರಣೆಗೆ 6 ತಗಡು, ಪ್ರತಿಯೊಂದಕ್ಕೂ 4 ಎತ್ತರ ಅಂತ ಇಟ್ಟುಕೊಳ್ಳಿ. ನಾಲ್ಕನ್ನು ಆರು ಸಲ ಗುಣಿಸಿದರೆ 4096 ಬಗೆಯ ಚಾವಿಗಳು. ಲಕ್ಷಗಟ್ಟಲೆ ಗಾಡಿ ಮಾರುವ ಕಂಪನಿಗೆ ಇದು ಏನೂ ಅಲ್ಲ. ಇನ್ನು ನಮ್ಮ ಕಡೆಯ ಧೂಳು! ಸಿಮೆಂಟ್ ಧೂಳು, ಶಹಾಬಾದ್ ಕಲ್ಲಿನ ಧೂಳು ಒಳಗೆ ಸೇರಿ ಹತ್ತು ವರ್ಷದಲ್ಲಿ ತಗಡೂ ಸವೆಯುತ್ತೆ, ಚಾವಿಯೂ ಸವೆಯುತ್ತೆ. ಅಕ್ಕಪಕ್ಕದ ಎರಡು ಎತ್ತರಗಳ ನಡುವೆ ವ್ಯತ್ಯಾಸವೇ ಉಳಿಯದೆ ಹೋದರೆ 4 ಇದ್ದದ್ದು 2 ಆಗುತ್ತೆ. ಆಗ ಉಳಿಯೋದು 64. ನಾಲ್ಕು ಸಾವಿರದಿಂದ ಅರವತ್ನಾಲ್ಕಕ್ಕೆ ಇಳಿದ ಪಾಸ್‌ವರ್ಡನ್ನು ಯಾವ ಸಾಫ್ಟ್‌ವೇರ್ ಕಂಪನಿಯೂ ಒಪ್ಪಲ್ಲ :) ಹಳೆ ಗಾಡಿಗೆ ಬೇರೆ ಯಾರದೋ ಸವೆದ ಚಾವಿ ಹಿಡಿಯುತ್ತೆ ಅಂತ ಜನ ಹೇಳೋದು ಸುಮ್ಮನೆ ಅಲ್ಲ.

ಅದಕ್ಕೇ ಜನ ತಮ್ಮದೇ ಉಪಾಯ ಹುಡುಕಿದರು. ವೀಲ್ ಲಾಕ್, ಸರಪಳಿ, ಸೀಟಿನ ಕೆಳಗೆ ಗುಟ್ಟಾದ ಸ್ವಿಚ್, ಪೆಟ್ರೋಲ್ ಲಾಕ್. ಪೆಟ್ರೋಲ್ ಲಾಕ್ ಹಾಕಿದರೆ ಕಾರ್ಬೊರೇಟರ್‌ನಲ್ಲಿ ಉಳಿದ ಪೆಟ್ರೋಲ್‌ನಷ್ಟೇ ದೂರ ಹೋಗಿ ಗಾಡಿ ನಿಲ್ಲುತ್ತೆ. ಕಳ್ಳ ನಡು ರಸ್ತೆಯಲ್ಲಿ! 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದು ಹೆಚ್ಚಿನ ಹೊಸ ಗಾಡಿಗಳಿಗೆ ಫ್ಯುಯೆಲ್ ಇಂಜೆಕ್ಷನ್ ಆದಮೇಲೆ ಅವುಗಳಲ್ಲಿ ಕಾರ್ಬೊರೇಟರ್ ಜೊತೆ ಈ ಉಪಾಯವೂ ಹೋಯಿತು. ಈಗ ಅದರ ಜಾಗಕ್ಕೆ ಇಮ್ಮೊಬಿಲೈಸರ್ ಇದೆ. ಚಾವಿಯೊಳಗಿನ ಚಿಪ್ಪಿನ ಸಂಕೇತ ಹೊಂದದಿದ್ದರೆ ಎಂಜಿನ್ ಶುರುವಾಗಲ್ಲ. ಆದರೆ ನಮ್ಮಲ್ಲಿ ಇದು ಎಲ್ಲಾ ಬೈಕಿಗೂ ಬಂದಿಲ್ಲ.

ಹೊರ ದೇಶಗಳ ಕಥೆಯೂ ಬೇರೆ ಅಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ 1971ರಲ್ಲಿ ಶುರುವಾದ ಕ್ರಿಪ್ಟೊನೈಟ್ ಕಂಪನಿಯ ಯು ಆಕಾರದ ಬೀಗ ಸೈಕಲ್, ಬೈಕ್ ಸವಾರರ ನಡುವೆ ಹೆಸರಾಗಿತ್ತು. 2004ರಲ್ಲಿ ಅದರ ದುಂಡು ಚಾವಿಯ ಬೀಗವನ್ನು ಸಾದಾ ಬಾಲ್‌ಪೆನ್ನಿನ ಕೊಳವೆಯಿಂದ ತೆಗೆಯಬಹುದು ಅಂತ ಬಯಲಾಗಿ, ಕಂಪನಿ ಬೀಗಗಳನ್ನೆಲ್ಲ ಬದಲಾಯಿಸಿ ಕೊಡಬೇಕಾಯಿತು. ಎಷ್ಟೇ ಒಳ್ಳೆ ಬೀಗ ಇರಲಿ, ಅದು ನಮಗೆ ಕೊಡೋದು ಒಂದಷ್ಟು ಸಮಯ ಮಾತ್ರ.

ಗಡಿ ದಾಟಿದ ಗಾಡಿ

ಬೀಗ ಮುರಿದ ಮೇಲೆ ಗಾಡಿ ಎಲ್ಲಿಗೆ ಹೋಗುತ್ತೆ? ಇಲ್ಲಿ ನಮ್ಮ ಊರಿನ ಭೂಗೋಳ ಮುಖ್ಯ. ಸೇಡಂನಿಂದ ಪೂರ್ವಕ್ಕೆ ಹೋದರೆ ತಾಂಡೂರು, ತೆಲಂಗಾಣ. 1956ರ ನವೆಂಬರ್ 1ರವರೆಗೆ ಅಲ್ಲಿ ರಾಜ್ಯದ ಗಡಿಯೇ ಇರಲಿಲ್ಲ. ತಾಂಡೂರು, ಕೊಡಂಗಲ್ ಎರಡೂ ಗುಲ್ಬರ್ಗಾ ಜಿಲ್ಲೆಯ ತಾಲೂಕುಗಳೇ. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಆ ಎರಡನ್ನು ಬಿಟ್ಟು ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಜನರ ಸಂತೆ, ನೆಂಟಸ್ತನ ಹಾಗೇ ಉಳಿಯಿತು. ವಾಹನಗಳ ದಾಖಲೆ ಮಾತ್ರ ಎರಡು ರಾಜ್ಯಗಳ ಎರಡು ಕಚೇರಿಗಳಿಗೆ ಹಂಚಿಹೋಯಿತು.

ದಾಖಲೆ ಕಾಗದದಲ್ಲಿದ್ದ ಕಾಲದಲ್ಲಿ ಇದು ಕಳ್ಳರಿಗೆ ವರವಾಯಿತು. ಕಲಬುರಗಿಯ ಕೆಎ-32 ಗಾಡಿ ಗಡಿ ದಾಟಿ ಬೇರೆ ನಂಬರ್ ಹಾಕಿಕೊಂಡರೆ, ಆ ಕಡೆಯ ಪೊಲೀಸರಿಗೆ ಈ ಕಡೆಯ ರಿಜಿಸ್ಟರ್ ನೋಡಲು ಸುಲಭದ ದಾರಿ ಇರಲಿಲ್ಲ. ಆ ಕಡೆಯ ಪ್ಲೇಟು ಮೊದಲು ಎಪಿ, ರಾಜ್ಯ ಒಡೆದ 2014ರಿಂದ ಟಿಎಸ್, 2024ರ ಮಾರ್ಚ್‌ನಿಂದ ಟಿಜಿ. ಪ್ಲೇಟು ಬದಲಾಗುತ್ತಲೇ ಇರುತ್ತೆ. ಬದಲಾಗದೆ ಇರೋದು ಚಾಸಿ ಮೇಲೆ ಒತ್ತಿರುವ ಸಂಖ್ಯೆ.

ಇದೇ ನಮ್ಮ ಕಾಲದ ದಾಗ್. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಚಾಸಿ ಮತ್ತು ಎಂಜಿನ್ ಸಂಖ್ಯೆಯನ್ನು ಒತ್ತಿರಲೇಬೇಕು ಅಂತ ಹೇಳುತ್ತವೆ. ಚಾಸಿ ಸಂಖ್ಯೆಯಲ್ಲಿ ಒಟ್ಟು 17 ಅಕ್ಷರ, ಅಂಕಿಗಳು. ಒಂದು, ಸೊನ್ನೆ ಜೊತೆ ಗೊಂದಲ ಆಗಬಾರದು ಅಂತ ಇಂಗ್ಲಿಷಿನ ಐ, ಓ, ಕ್ಯೂ ಬಳಸಲ್ಲ. ಮೊದಲ ಮೂರು ತಯಾರಕರ ಗುರುತು: ಎಂಇ3 ಅಂದರೆ ರಾಯಲ್ ಎನ್‌ಫೀಲ್ಡ್, ಎಂಡಿ2 ಅಂದರೆ ಬಜಾಜ್, ಎಂಬಿಎಲ್ ಅಂದರೆ ಹೀರೊ. ಡೇಟಾಬೇಸ್ ಗೊತ್ತಿರುವವರಿಗೆ ಒಂದೇ ಮಾತು ಸಾಕು, ಇದು ಗಾಡಿಯ ಪ್ರೈಮರಿ ಕೀ. ಆ ಚಾವಿ ಜೇಬಿನಲ್ಲಿ ಇರಲ್ಲ, ಕಬ್ಬಿಣದಲ್ಲೇ ಇರುತ್ತೆ.

ಅಳಿಸಿದರೆ? ಇಲ್ಲಿದೆ ನೋಡಿ ಮಜಾ. ಅಚ್ಚು ಒತ್ತಿದಾಗ ಅಕ್ಷರದ ಕೆಳಗಿನ ಲೋಹವೂ ಒತ್ತಡಕ್ಕೆ ಸಿಕ್ಕಿ ಬದಲಾಗಿರುತ್ತೆ. ಮೇಲ್ಮೈಯನ್ನು ಉಜ್ಜಿ ನುಣ್ಣಗೆ ಮಾಡಿದರೂ, ಪ್ರಯೋಗಾಲಯದಲ್ಲಿ ಆಸಿಡ್ ಸವರಿದಾಗ ಆ ಭಾಗ ಬೇರೆ ರೀತಿ ಕೊರೆಯುತ್ತೆ. ಎಷ್ಟೋ ಸಲ ಅಳಿಸಿದ ಸಂಖ್ಯೆ ಮತ್ತೆ ಕಣ್ಣಿಗೆ ಕಾಣುತ್ತೆ.

ಹಂಚಿಹೋಗಿದ್ದ ದಾಖಲೆಗಳೂ ಈಗ ಬಹುಮಟ್ಟಿಗೆ ಒಂದು ಕಡೆ ಸೇರಿವೆ. ಎನ್‌ಐಸಿ ಕಟ್ಟಿದ 'ವಾಹನ್' ವ್ಯವಸ್ಥೆಯಲ್ಲಿ ಬೇರೆ ಬೇರೆ ರಾಜ್ಯಗಳ ನೋಂದಣಿ ಸಿಗುತ್ತೆ. ಕಳುವಾದ ಮತ್ತು ಪೊಲೀಸರಿಗೆ ಸಿಕ್ಕ ಗಾಡಿಗಳನ್ನು ಹೊಂದಿಸಿ ನೋಡಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 'ವಾಹನ್ ಸಮನ್ವಯ್' ಇದೆ. 1956ರಲ್ಲಿ ಬಿದ್ದ ಗೆರೆ, ಗಾಡಿಯ ದಾಖಲೆ ಮಟ್ಟಿಗಾದರೂ ಮಸುಕಾಗುತ್ತಿದೆ ಅನ್ನಬಹುದು.

ಪ್ಲೇಟಿಗೂ ಇದೇ ಚಿಕಿತ್ಸೆ. ಅತಿ ಸುರಕ್ಷಿತ ನೋಂದಣಿ ಫಲಕದ ನಿಯಮ ಬಂದದ್ದು 2001ರಲ್ಲಿ. ಕ್ರೋಮಿಯಂ ಹಾಲೊಗ್ರಾಂ, ಲೇಸರ್‌ನಲ್ಲಿ ಕೊರೆದ ಸಂಖ್ಯೆ, ಒಮ್ಮೆ ಹಾಕಿದರೆ ಮುರಿಯದೆ ತೆಗೆಯಲಾಗದ ಸ್ನ್ಯಾಪ್ ಲಾಕ್. ಕೋರ್ಟು ಕಚೇರಿ ಸುತ್ತಿ, ಹೊಸ ವಾಹನಗಳಿಗೆಲ್ಲ ಕಡ್ಡಾಯ ಆಗಿದ್ದು 2019ರ ಏಪ್ರಿಲ್ 1ರಿಂದ. ಹಳೆ ವಾಹನಗಳಿಗೆ ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶ ಮಾಡಿ, ಗಡುವನ್ನು ಮತ್ತೆ ಮತ್ತೆ ಮುಂದೂಡಿತು. ಎಷ್ಟೋ ಜನ ಇದನ್ನು ದುಡ್ಡು ಕೀಳುವ ದಂಧೆ ಅಂತ ಬೈದರು. ಖರ್ಚಿನ ಬಗ್ಗೆ ವಾದ ಇರಲಿ, ಮೂಲ ಯೋಚನೆ ಮಾತ್ರ ಕುದುರೆ ಬರೆಯಷ್ಟೇ ಸರಿಯಾದದ್ದು.

ಗುರುತು ಸೋಲುವ ಜಾಗ

ಇಡೀ ಗಾಡಿಗೆ ಗುರುತಿದೆ, ಬಿಡಿಭಾಗಗಳಿಗೆ ಇಲ್ಲ. ಕಾರ್ಬೊರೇಟರ್, ಚಕ್ರ, ಟ್ಯಾಂಕ್, ಸೈಲೆನ್ಸರ್ ಬಿಚ್ಚಿ ಗುಜರಿಗೆ ಹೋದಮೇಲೆ ಅವು ಯಾರವು ಅಂತ ಹೇಳೋರು ಯಾರು? 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100 ಇವತ್ತಿಗೂ ಕಳ್ಳರಿಗೆ ಪ್ರಿಯ ಆಗಿರೋದರಲ್ಲಿ ಆಶ್ಚರ್ಯ ಇಲ್ಲ. ಗಾಡಿ ತಯಾರಾಗೋದು ನಿಂತಿದೆ, ಅಭಿಮಾನಿಗಳು ನಿಂತಿಲ್ಲ, ಅಸಲಿ ಬಿಡಿಭಾಗಕ್ಕೆ ಬಂಗಾರದ ಬೆಲೆ. ಇದಕ್ಕೆ ಉತ್ತರವಾಗಿ ಕಣ್ಣಿಗೆ ಕಾಣದ ಮೈಕ್ರೊಡಾಟ್‌ಗಳನ್ನು ಭಾಗಗಳ ಮೇಲೆ ಸಿಂಪಡಿಸುವ ಬಗ್ಗೆ ಕೇಂದ್ರ ಸರ್ಕಾರ 2019ರಲ್ಲಿ ಕರಡು ನಿಯಮ ಹೊರಡಿಸಿತ್ತು. ಇನ್ನೂ ಹೆಚ್ಚಿನ ಮದ್ದು ನಮ್ಮ ಕೈಯಲ್ಲೇ ಇದೆ. ಬಿಲ್ ಇಲ್ಲದ ಅಗ್ಗದ ಸೆಕೆಂಡ್ ಹ್ಯಾಂಡ್ ಭಾಗ ತಗೊಳ್ಳುವ ಪ್ರತಿಯೊಬ್ಬರೂ ಯಾರದೋ ಗಾಡಿ ಬಿಚ್ಚಲು ಕೂಲಿ ಕೊಟ್ಟ ಹಾಗೆ.

ಹಾಗಾದರೆ ನಾವು ಮಾಡೋದೇನು?

ಬೀಗ ಬೇಡ ಅಂತ ನಾನು ಹೇಳ್ತಿಲ್ಲ. ಸನ್ನತಿಗೋ ಚಂದ್ರಂಪಳ್ಳಿಗೋ ಹೋದಾಗ ಹ್ಯಾಂಡಲ್ ಲಾಕ್ ಜೊತೆ ಡಿಸ್ಕ್ ಲಾಕ್ ಹಾಕಿ. ರಾತ್ರಿ ಲಾಡ್ಜಿನಲ್ಲಿ ಇಳಿದರೆ ಕಂಬಕ್ಕೋ ಗೆಳೆಯನ ಗಾಡಿಗೋ ಸೇರಿಸಿ ದಪ್ಪ ಸರಪಳಿ ಹಾಕಿ. ಬರೀ ಚಕ್ರಕ್ಕೆ ಬೀಗ ಹಾಕಿದ ಗಾಡಿಯನ್ನು ನಾಲ್ಕು ಜನ ಎತ್ತಿ ಟೆಂಪೋಗೆ ಹಾಕಬಹುದು. ಇದೆಲ್ಲಾ ಸಮಯ ಕೊಳ್ಳುವ ಲೆಕ್ಕ.

ಗುರುತಿನ ಲೆಕ್ಕ ಬೇರೆ. ಚಾಸಿ, ಎಂಜಿನ್ ಸಂಖ್ಯೆಯ ಫೋಟೋ ಮೊಬೈಲ್‌ನಲ್ಲೂ ಮನೆಯಲ್ಲೂ ಇರಲಿ. ಎರಡನೇ ಚಾವಿ ಜೋಪಾನವಾಗಿರಲಿ, ವಿಮೆ ಕಂಪನಿಗಳು ಕಳವಿನ ಕ್ಲೇಮ್‌ಗೆ ಸಾಮಾನ್ಯವಾಗಿ ಎರಡೂ ಚಾವಿ ಕೇಳುತ್ತವೆ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. "ಇನ್ಶೂರೆನ್ಸ್ ಇದೆಯಲ್ಲ" ಅಂತ ಅಷ್ಟಕ್ಕೇ ನಿಶ್ಚಿಂತೆಯಿಂದ ಇರುವವರು ಬಹಳ. ಥರ್ಡ್ ಪಾರ್ಟಿಯಲ್ಲಿ ಕಳವಿಗೆ ಒಂದು ಪೈಸೆಯೂ ಬರಲ್ಲ. ನಮ್ಮ ಗಾಡಿಯ ನಷ್ಟಕ್ಕೂ ಸೇರಿಸಿ ಪಾಲಿಸಿ ಮಾಡಿಸಿರಬೇಕು.

ಗಾಡಿ ಹೋಯಿತು ಅಂದ ಕೂಡಲೇ 112ಕ್ಕೆ ಫೋನ್ ಮಾಡಿ, ಠಾಣೆಯಲ್ಲಿ ದೂರು ಕೊಡಿ, ವಿಮೆ ಕಂಪನಿಗೂ ತಿಳಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಂತೆ ಯಾವ ಠಾಣೆಯ ವ್ಯಾಪ್ತಿ ಅನ್ನೋ ನೆಪ ನಡೆಯಲ್ಲ. ಆನ್‌ಲೈನ್‌ನಲ್ಲಿ ಕೊಟ್ಟರೂ 3 ದಿನದೊಳಗೆ ಸಹಿ ಹಾಕಿದರೆ ದಾಖಲಾಗುತ್ತೆ. ಒಂದು ಟ್ರ್ಯಾಕ್ಟರ್ ಕಳವಿನ ಪ್ರಕರಣದಲ್ಲಿ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನೂ ನೆನಪಿಡಿ: ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದರೆ, ವಿಮೆ ಕಂಪನಿಗೆ ಹೇಳೋದು ತಡವಾಯಿತು ಅನ್ನೋ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ.

ಕೊನೆಗೆ ಒಂದು ಸಣ್ಣ ಪರೀಕ್ಷೆ. ನಿಮ್ಮ ಬೈಕಿನ ಪ್ಲೇಟ್ ನಂಬರ್ ನಿದ್ದೆಯಲ್ಲಿ ಕೇಳಿದರೂ ಹೇಳ್ತೀರಿ. ಚಾಸಿ ನಂಬರ್ ಎಲ್ಲಿ ಒತ್ತಿದ್ದಾರೆ ಅಂತ ಗೊತ್ತಾ? ಗೊತ್ತಿಲ್ಲ ಅಂದರೆ ಈಗಲೇ ಎದ್ದು ಹೋಗಿ, ಹ್ಯಾಂಡಲ್ ಹತ್ತಿರದ ಫ್ರೇಮಿನ ಧೂಳು ಒರೆಸಿ ನೋಡಿ.