ದಿಲ್ಲಿಗೆ ಬಂದ ಮೈಸೂರಿನ ಮೇಷ್ಟ್ರು

ನಮ್ಮ ಕಿದ್ವಾಯಿ ನಗರದ ಕನ್ನಡದ ಮನೆಗಳಲ್ಲಿ ಒಂದು ಕಾಲಕ್ಕೆ ಟ್ರಾನ್ಸ್‌ಫರ್, ಪ್ರಮೋಷನ್, ಕ್ವಾರ್ಟರ್ಸ್ ಇವೇ ಮಾತು. ಈಗ ಮಕ್ಕಳ ಪಿಎಚ್.ಡಿ. ಮಾತು. "ಗೈಡ್ ಹೇಗಮ್ಮಾ?" ಅಂತ ಕೇಳಿ ನೋಡಿ, ಮುಖ ಸಣ್ಣದಾಗುತ್ತದೆ. ಅಧ್ಯಾಯ ಬರೆದು ಕೊಟ್ಟು ತಿಂಗಳುಗಳೇ ಆದವು, ಇನ್ನೂ ಓದಿಲ್ಲವಂತೆ! ಇಂಥ ಮಾತು ಕೇಳಿದಾಗೆಲ್ಲ ನನಗೆ ಎಂ. ಎನ್. ಶ್ರೀನಿವಾಸ್ ನೆನಪಾಗುತ್ತಾರೆ.

ಐಎನ್ಎ ಸ್ಟೇಷನ್ನಿನಲ್ಲಿ ಹಳದಿ ಲೈನಿನ ಮೆಟ್ರೋ ಹತ್ತಿದರೆ ನೇರ ವಿಶ್ವವಿದ್ಯಾಲಯ ಸ್ಟೇಷನ್ನು. ಅಲ್ಲಿನ ದಿಲ್ಲಿ ಸ್ಕೂಲ್ ಆಫ್ ಇಕನಾಮಿಕ್ಸ್‌ನಲ್ಲಿ 1959ರಲ್ಲಿ ಸಮಾಜಶಾಸ್ತ್ರ ವಿಭಾಗ ಕಟ್ಟಿದವರು ಮೈಸೂರಿನ ಈ ಮೇಷ್ಟ್ರು. ಕರೆಸಿಕೊಂಡವರು ಆಗ ಕುಲಪತಿಗಳಾಗಿದ್ದ ವಿ. ಕೆ. ಆರ್. ವಿ. ರಾವ್.

ಶ್ರೀನಿವಾಸರಿಗೆ ಸಿಕ್ಕ ಗುರುಗಳನ್ನು ನೋಡಿ. ಮುಂಬಯಿಯಲ್ಲಿ ಜಿ. ಎಸ್. ಘುರ್ಯೆ ಅವರನ್ನು ಕೊಡಗಿನ ಅಧ್ಯಯನಕ್ಕೆ ಹಚ್ಚಿದರು. ಆಮೇಲೆ ಆಕ್ಸ್‌ಫರ್ಡಿನಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನ್, ಕೈಯಲ್ಲಿದ್ದ ಅದೇ ಕೊಡಗಿನ ಸಾಮಗ್ರಿಯನ್ನು ಹೊಸ ಕಣ್ಣಿನಿಂದ ನೋಡುವಂತೆ ಮಾಡಿದರು. ಅವರು ನಿವೃತ್ತರಾದಾಗ ಶಿಷ್ಯ ನಡುನೀರಿನಲ್ಲಿ ಉಳಿಯಲಿಲ್ಲ, ಇವಾನ್ಸ್-ಪ್ರಿಚರ್ಡ್ ಕೈಹಿಡಿದರು. ಡಾಕ್ಟರೇಟ್ ಮುಗಿದ ಮೇಲೆ ಅಲ್ಲೇ ಅಧ್ಯಾಪಕ ಹುದ್ದೆ ಸಿಕ್ಕಿತು. ಮೊದಲ ವರ್ಷ ಪಾಠ ಮಾಡುವ ಬದಲು ಹಳ್ಳಿಗೆ ಹೋಗಿ ಬರಲು ಅವಕಾಶವೂ ಸಿಕ್ಕಿತು. ಹಾಗೆ 1948ರಲ್ಲಿ ಅವರು ಹೋಗಿ ಕೂತ ಮೈಸೂರು ಸೀಮೆಯ ಹಳ್ಳಿಯೇ ಪುಸ್ತಕದ 'ರಾಮಪುರ'.

ಈ ಋಣವನ್ನು ಅವರು ದಿಲ್ಲಿಯಲ್ಲಿ ತೀರಿಸಿದರು ಅನ್ನಬೇಕು. 1959ರಲ್ಲೇ ವಿಭಾಗ ಸೇರಿದ ತರುಣ ಆಂದ್ರೆ ಬೆತೆಯ್, ಬಂಗಾಳದ ಚಂದನನಗರದವರು, ಇವರ ಮಾರ್ಗದರ್ಶನದಲ್ಲಿ ತಂಜಾವೂರಿನ ಹಳ್ಳಿಯೊಂದರ ಅಗ್ರಹಾರದಲ್ಲಿ ಇದ್ದು ಕೆಲಸ ಮಾಡಿದರು. 1965ರಲ್ಲಿ ಬಂದ ಅವರ ಪುಸ್ತಕದಲ್ಲಿ ಜಾತಿಯ ಜೊತೆಗೆ ವರ್ಗ ಮತ್ತು ಅಧಿಕಾರದ ವಿಚಾರವೂ ಇತ್ತು. ಇನ್ನು ವೀಣಾ ದಾಸ್. ಹಳ್ಳಿಗೆ ಹೋಗಿ ಕಣ್ಣಾರೆ ನೋಡಬೇಕು ಅನ್ನುವ ಪಂಥದ ಶ್ರೀನಿವಾಸರ ಕೈಕೆಳಗೆ ಅವರು ಆರಿಸಿಕೊಂಡದ್ದು ಸಂಸ್ಕೃತದ ಜಾತಿಪುರಾಣ! 1970ರಲ್ಲಿ ಪಿಎಚ್.ಡಿ. ಆಯಿತು. ಮೇಷ್ಟ್ರ ದಾರಿಯಲ್ಲೇ ನಡೆಯಬೇಕೆಂಬ ಹಟ ಇದ್ದಿದ್ದರೆ ಇವೆರಡೂ ಆಗುತ್ತಿರಲಿಲ್ಲ. ನನ್ನ ಪ್ರಕಾರ ಗುರುವಿನ ದೊಡ್ಡತನ ಇಲ್ಲಿದೆ. ಅಂದಹಾಗೆ, 1968ರಲ್ಲಿ ಯುಜಿಸಿ ಈ ವಿಭಾಗಕ್ಕೆ ಉನ್ನತ ಅಧ್ಯಯನ ಕೇಂದ್ರದ ಮಾನ್ಯತೆ ಕೊಟ್ಟಿತು.

ಬೆನ್ನು ತಟ್ಟುವವರು ಬೇಕಾಗುವುದು ವಿದ್ಯಾರ್ಥಿಗೆ ಮಾತ್ರ ಅಂದುಕೊಳ್ಳಬೇಡಿ. 1970ರ ಏಪ್ರಿಲ್ 24ರಂದು ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಶ್ರೀನಿವಾಸರು ವರ್ಷಗಟ್ಟಲೆ ಸಿದ್ಧಪಡಿಸಿದ್ದ ರಾಮಪುರದ ಟಿಪ್ಪಣಿಗಳು ಆಹುತಿಯಾದವು. ಆಗ ಅವರಿಗೆ ವಯಸ್ಸು ಐವತ್ತು ದಾಟಿತ್ತು. ನೆನಪಿನಿಂದಲೇ ಬರೆಯಿರಿ ಎಂದು ಧೈರ್ಯ ಹೇಳಿದವರು ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್. 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಹೊರಬಂತು.

ಈಗ ನಿಯಮಗಳಿಗೆ ಕೊರತೆಯಿಲ್ಲ. ಯುಜಿಸಿಯ 2022ರ ನಿಯಮದಂತೆ ಪ್ರೊಫೆಸರ್ ಒಬ್ಬರು ಏಕಕಾಲಕ್ಕೆ 8 ಮಂದಿಗೆ, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಮಂದಿಗೆ ಗೈಡ್ ಆಗಬಹುದು. ಸೆಮಿಸ್ಟರಿಗೊಮ್ಮೆ ಸಲಹಾ ಸಮಿತಿಯ ಮುಂದೆ ವಿದ್ಯಾರ್ಥಿ ತನ್ನ ಪ್ರಗತಿ ಒಪ್ಪಿಸಬೇಕು. ಒಳ್ಳೆಯದೇ. ಆದರೆ ನಿಯಮ ತಲೆ ಎಣಿಸೀತು, ಅಧ್ಯಾಯ ಓದೀತೇ? ವಿದ್ಯಾರ್ಥಿಯ ಪ್ರಗತಿ ಕೇಳುವ ಸಮಿತಿ, ಗೈಡ್ ಎಷ್ಟು ಪುಟ ಓದಿದರು ಎಂದೂ ಕೇಳಬೇಡವೇ?

1972ರಲ್ಲಿ ಶ್ರೀನಿವಾಸ್ ಬೆಂಗಳೂರಿಗೆ ಹೊರಟುಹೋದರು. ಅವರು ಕಟ್ಟಿದ ವಿಭಾಗ ಇಲ್ಲೇ ಇದೆ. ನಿಮ್ಮ ಮನೆಯ ಮಕ್ಕಳು ಸಂಶೋಧನೆಗೆ ಹೊರಟಿದ್ದರೆ ಒಂದು ಮಾತು ಹೇಳಿ: ಗೈಡ್ ಹೆಸರು ಎಷ್ಟು ದೊಡ್ಡದು ಎಂದು ನೋಡುವ ಮೊದಲು, ಅವರ ಹಳೆಯ ವಿದ್ಯಾರ್ಥಿಗಳು ಏನೇನು ಬರೆದಿದ್ದಾರೆ ನೋಡಿಕೊಂಡು ಬನ್ನಿ. ಎಲ್ಲರೂ ಒಂದೇ ಥರ ಬರೆದಿದ್ದರೆ ಸ್ವಲ್ಪ ಯೋಚಿಸಿ. ಏನಂತೀರಿ?