ಮಾನ, ಉನ್ಮಾನ ಮತ್ತು ಏಕಮಾನದ ಬೆಲೆ

ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಐದು ಅತಿಚಾರಗಳನ್ನು ಹೇಳುತ್ತದೆ. ನಾಲ್ಕನೆಯದು ಹೀನಾಧಿಕ ಮಾನೋನ್ಮಾನ, ಐದನೆಯದು ಪ್ರತಿರೂಪಕ ವ್ಯವಹಾರ. ಮಾನವೆಂದರೆ ಅಳೆಯುವ ಪಾತ್ರೆ. ಉನ್ಮಾನವೆಂದರೆ ತಕ್ಕಡಿಯ ತೂಕ. ಕೊಡುವಾಗ ಕಿರಿದರಿಂದಲೂ ಕೊಳ್ಳುವಾಗ ಹಿರಿದರಿಂದಲೂ ಅಳೆಯುವುದು ದೋಷವೆಂಬುದನ್ನು ಸ್ವಾಧ್ಯಾಯದಲ್ಲಿ ಎಲ್ಲರೂ ಕೇಳಿರುತ್ತೇವೆ. ಆದರೆ ಅಳತೆ ಸರಿಯಿದ್ದ ಮಾತ್ರಕ್ಕೆ ಕೊಳ್ಳುವವನಿಗೆ ಬೆಲೆಯ ಅರಿವಾಗುವುದೇ?

ಶ್ರವಣಬೆಳಗೊಳದ ಹದಿಮೂರನೆಯ ಶತಮಾನದ ಕೆಲವು ಶಾಸನಗಳಲ್ಲಿ, ಗೊಮ್ಮಟದೇವರ ಅಭಿಷೇಕಕ್ಕೆಂದು ಗದ್ಯಾಣಗಳನ್ನು ಇರಿಸಿ, ಅವುಗಳ ಬಡ್ಡಿಯಿಂದ ದಿನಕ್ಕೆ ಇಷ್ಟು ಮಾನ ಹಾಲು ಸಲ್ಲಬೇಕೆಂದು ದಾನಿಗಳು ಗೊತ್ತುಪಡಿಸಿದ್ದಾರೆ. ಒಂದು ಮಾನ ಹಾಲಿಗೆ ಎಷ್ಟು ಬೆಲೆಯೆಂಬ ಲೆಕ್ಕವಿಲ್ಲದೆ ಇಂತಹ ದತ್ತಿಯನ್ನು ಬರೆಸಲಾಗದು. ಆ ಲೆಕ್ಕದ ವಿಧಾನವೇ ತ್ರೈರಾಶಿಕ. ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಅದನ್ನು ವಿಸ್ತಾರವಾಗಿ ನಿರೂಪಿಸಿದರು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದನು. ವರ್ತಕರ ಮಕ್ಕಳಿಗೆ ಇದಕ್ಕಿಂತ ಉಪಕಾರವಾದ ಶಾಸ್ತ್ರ ಬೇರೊಂದು ಇದ್ದೀತೆಂದು ನನಗೆ ತೋರುವುದಿಲ್ಲ.

ತೊಡಕು ಗಣಿತದಲ್ಲಿರಲಿಲ್ಲ, ಮಾನಗಳಲ್ಲಿತ್ತು. ಪಾವು, ಬಳ್ಳ, ಕೊಳಗಗಳು ಊರಿಂದೂರಿಗೆ ಬದಲಾಗುತ್ತಿದ್ದವು. ಕಚ್ಚಾ ಸೇರು 24 ತೊಲ, ಪಕ್ಕಾ ಸೇರು 80 ತೊಲ. ಹೆಸರು ಎರಡಕ್ಕೂ ಸೇರೇ. ಹಾಗಿದ್ದೂ ಹಿಂದಿನವರಲ್ಲಿ ಒಂದು ಸೊಗಸಾದ ಬಾಯಿಲೆಕ್ಕವಿತ್ತು: ಮಣಕ್ಕೆ ಎಷ್ಟು ರೂಪಾಯಿಯೋ ಎರಡೂವರೆ ಸೇರಿಗೆ ಅಷ್ಟೇ ಆಣೆ. ಮಣಕ್ಕೆ ನಲವತ್ತು ಸೇರು, ರೂಪಾಯಿಗೆ ಹದಿನಾರು ಆಣೆ ಆದುದರಿಂದ ಇದು ತಪ್ಪುವಂತಿರಲಿಲ್ಲ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂದಿತು. 1956ರ ಕಾಯಿದೆಯಂತೆ 1962ರ ಹೊತ್ತಿಗೆ ಕಿಲೋಗ್ರಾಂ ಕಡ್ಡಾಯವಾಯಿತು. ಹೋಲಿಕೆಗೆ ದೇಶಕ್ಕೆಲ್ಲ ಒಂದೇ ಮಾನ ದೊರೆಯಿತು.

ಅನಂತರ ಬಂದದ್ದು ಪೊಟ್ಟಣದ ಯುಗ. 1977ರ ನಿಯಮಗಳು ಅನೇಕ ಪದಾರ್ಥಗಳನ್ನು ಗೊತ್ತಾದ ತೂಕಗಳಲ್ಲಷ್ಟೇ ಕಟ್ಟಬೇಕೆಂದು ವಿಧಿಸಿದ್ದವು. 2021ರ ನವೆಂಬರಿನಲ್ಲಿ ಪ್ರಕಟವಾದ ತಿದ್ದುಪಡಿಯು ಆ ಕಟ್ಟನ್ನು ತೆಗೆದು, ಬದಲಿಗೆ ಏಕಮಾನದ ಮಾರಾಟ ಬೆಲೆಯನ್ನು ಮುದ್ರಿಸಬೇಕೆಂದಿತು. ಜಾರಿಯ ದಿನ ಮುಂದಕ್ಕೆ ಹೋಯಿತಾದರೂ ಈಗ ಪೊಟ್ಟಣಗಳ ಮೇಲೆ ಅದು ಕಾಣುತ್ತಿದೆ. ಕಿಲೋಗಿಂತ ಕಡಿಮೆಯಿದ್ದರೆ ಗ್ರಾಂ ಲೆಕ್ಕ, ಹೆಚ್ಚಿದ್ದರೆ ಕಿಲೋ ಲೆಕ್ಕ. ಆದ್ದರಿಂದ ಎರಡನ್ನು ಹೋಲಿಸುವಾಗ ಸಾವಿರದಿಂದ ಗುಣಿಸುವ ಕೆಲಸ ಮಾತ್ರ ನಮ್ಮ ಪಾಲಿಗೆ ಉಳಿದಿದೆ. ಅಕ್ಷರವೂ ಬಹಳ ಸಣ್ಣದು.

ಹತ್ತು ರೂಪಾಯಿಗೆ 100 ಗ್ರಾಂ ಇದ್ದ ಪೊಟ್ಟಣವು ಅದೇ ಬಣ್ಣ, ಅದೇ ಗಾತ್ರದಲ್ಲಿ 85 ಗ್ರಾಂ ಆಯಿತೆನ್ನಿ. ಕಿಲೋಗೆ 100 ಇದ್ದ ದರ 117 ರೂಪಾಯಿಯನ್ನು ಮೀರಿತು. ತೂಕವನ್ನು ಮುದ್ರಿಸಿರುವುದರಿಂದ ಹೀನಮಾನವೆನ್ನಲಾಗದು. ವೆಚ್ಚ ಏರಿದಾಗ ಹತ್ತರ ಪೊಟ್ಟಣವನ್ನು ಹನ್ನೊಂದೂವರೆಗೆ ಮಾರಲಾಗದ ಕಷ್ಟವನ್ನು ವರ್ತಕನಾದ ನಾನು ಬಲ್ಲೆ. ಆದರೂ ಹಳೆಯದರ ರೂಪವನ್ನೇ ಹೊದಿಸಿ ಬೇರೊಂದನ್ನು ಕೊಡುವುದು ಐದನೆಯ ಅತಿಚಾರದ ನೆರಳಿನಲ್ಲಿ ನಿಲ್ಲುತ್ತದೆ ಎಂದೇ ನನ್ನ ಅಭಿಪ್ರಾಯ. ಪ್ರತಿರೂಪಕವೆಂದರೆ ಕಲಬೆರಕೆಯಷ್ಟೇ ಎಂದು ಪಂಡಿತರು ಆಕ್ಷೇಪಿಸಬಹುದು, ವಿಚಾರ ನಡೆಯಲಿ.

ಬಸದಿಗಳ ಟ್ರಸ್ಟಿಗಳಿಗೆ ಇನ್ನೊಂದು ಮಾತು. ದೀಪದ ಎಣ್ಣೆಗೆ ದರಪಟ್ಟಿ ತರಿಸುವಾಗ ಒಬ್ಬರು ಲೀಟರಿನಲ್ಲಿಯೂ ಇನ್ನೊಬ್ಬರು ಕಿಲೋದಲ್ಲಿಯೂ ಬರೆಯುತ್ತಾರೆ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಲೀಟರಿನ ಪ್ಯಾಕೆಟ್ಟಿಗೆ 130 ರೂಪಾಯಿ, 15 ಕಿಲೋ ಡಬ್ಬಕ್ಕೆ 2,100 ರೂಪಾಯಿ ಎಂದಿಟ್ಟುಕೊಳ್ಳೋಣ. 130 ಮತ್ತು 140 ಎಂದು ನೋಡಿದರೆ ಪ್ಯಾಕೆಟ್ಟೇ ಅಗ್ಗ. 130ನ್ನು 0.91ರಿಂದ ಭಾಗಿಸಿದರೆ ಕಿಲೋಗೆ 142 ರೂಪಾಯಿ 86 ಪೈಸೆ, ಡಬ್ಬದ್ದು 140. ತುಪ್ಪವನ್ನು ಲೀಟರಿನಲ್ಲಿ ಕೊಳ್ಳುವಾಗಲೂ ಹೆಚ್ಚುಕಡಿಮೆ ಇದೇ ಲೆಕ್ಕ.